ತತ್ತಿ ತುಂಬಿದ ಮೀನು ಉಳಿಯಲಿ

ಮಾನ್ಯ ಸಂಪಾದಕರೇ,

2024ರ ಮೇ ಕೊನೆಗೆ ಅಮೆರಿಕದ ವರ್ಜೀನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಚೆಸಪೀಕ್ ಕೊಲ್ಲಿಯಲ್ಲಿ ಅವನ ಗಾಳಕ್ಕೆ ಸ್ಟ್ರೈಪ್ಡ್ ಬಾಸ್ ಎಂಬ ಮೀನು ಬಿತ್ತು. ಬೆಳ್ಳಿ ಮೈ, ಉದ್ದಕ್ಕೂ ಕರಿ ಗೆರೆ. ಅಳೆದರೆ 27 ಇಂಚು. ಅಲ್ಲಿ 19ರಿಂದ 24 ಇಂಚಿನದು ಒಂದೇ ಒಂದು ಇಟ್ಟುಕೊಳ್ಳಬಹುದು. ‘ದೊಡ್ಡದು ಜಾಸ್ತಿ ತತ್ತಿ ಇಡುತ್ತೆ ಅಪ್ಪಾ’ ಎಂದು, ಒದ್ದೆ ಕೈಯಲ್ಲೇ ಹಿಡಿದು ನೀರಿಗೆ ಬಿಟ್ಟ. ಒಂದು ಗಳಿಗೆ ಸುಮ್ನೆ ನಿಂತು, ಬಾಲ ಬಡಿದು ಹೋಯಿತು.

ನಮ್ಮ ಆಲಮಟ್ಟಿ ಹಿನ್ನೀರಿನಲ್ಲಿ? ಕೃಷ್ಣೆಗೆ ಹೊಸ ನೀರು ಬರುವ ಮುಂಗಾರೇ ರೋಹು, ಕಾಟ್ಲಾ ತತ್ತಿ ಇಡುವ ಕಾಲ. ಆಗಲೇ ಸಣ್ಣ ಕಣ್ಣಿನ ಬಲೆ ಬೀಳುತ್ತದೆ. ಹೋದ ಜುಲೈಯಲ್ಲಿ ಸಂತೆಯಿಂದ ತಂದ ಮೀನಿನ ಹೊಟ್ಟೆ ತುಂಬ ತತ್ತಿ. ನನ್ನ ಹೆಂಡತಿ ಈಳಿಗೆ ಬಿಟ್ಟು ಎದ್ದಳು. ಮೀನುಗಾರರಿಗೂ ಹೊಟ್ಟೆಪಾಡಿದೆ, ಅಲ್ವಾ? ಮೀನು ತತ್ತಿ ಇಡುವ ಎರಡು ತಿಂಗಳು ಅವರಿಗೆ ಪರಿಹಾರ ಕೊಟ್ಟು ಬಲೆ ನಿಲ್ಲಿಸಿ.

– ನಿವೃತ್ತ ಶಿಕ್ಷಕ, ಬಾಗಲಕೋಟೆ