ಮೈಲು 69ರಿಂದ ಬರೆಯಲು ಶುರು ಮಾಡು

ಪ್ರೀತಿಯ ತಂಗಿಗೆ,

ನಿನ್ನ ಲೇಖನ ಓದಿದೆ. ತುಂಗಭದ್ರಾ ಅಣೆಕಟ್ಟೆಯನ್ನು ನೋಡಿಕೊಂಡು, ಅದರ ನೀರನ್ನು ರಾಜ್ಯಗಳಿಗೆ ಹಂಚುವ ತುಂಗಭದ್ರಾ ಮಂಡಳಿಯನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಕಾವೇರಿಯ ಬಗ್ಗೆ ಬರೆಯುವವರಿಗೆ ಬಂದ್, ಟೈರಿಗೆ ಬೆಂಕಿ, ಸುಪ್ರೀಂ ಕೋರ್ಟ್ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. 1953ರಿಂದ ಗೊಣಗುತ್ತಲೇ ಒಂದು ಅಣೆಕಟ್ಟೆಯ ನೀರನ್ನು ಹಂಚಿಕೊಂಡು ಬಂದವರ ಕಥೆ ಸುದ್ದಿಮನೆಗೆ ರುಚಿಸುವುದಿಲ್ಲ. ಆ ಗೊಣಗಾಟವನ್ನು ಮಾತ್ರ ಬಿಡಬೇಡ. ನೀನು ಎರಡು ಪುಟ ಸೌಹಾರ್ದವನ್ನು ಹೊಗಳಿದ್ದೀಯ. ಅಲ್ಲಿ ನಡೆಯುವುದು ಪ್ರೀತಿಯಿಂದಲ್ಲ, ಲೆಕ್ಕದಿಂದ. ಲೆಕ್ಕ ಏರುಪೇರಾದರೆ ಯಾರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬರೆ.

ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ ಈ ಜಲಾಶಯದಿಂದ ವರ್ಷಕ್ಕೆ ಬಳಕೆಗೆ ಸಿಗಬೇಕಾದದ್ದು 212 ಟಿಎಂಸಿ ಅಡಿ. ಕರ್ನಾಟಕದ ಪಾಲು 138.99, ಉಳಿದದ್ದು ಆಂಧ್ರ ಮತ್ತು ತೆಲಂಗಾಣಕ್ಕೆ. ಹೂಳು ತುಂಬಿ, 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ 105.788ಕ್ಕೆ ಇಳಿದಿದೆ. ನೀರು ಕಡಿಮೆಯಾದ ವರ್ಷ ಕೊರತೆಯನ್ನೂ ಇದೇ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಇದನ್ನು ನೀನು ಅರ್ಧ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀಯ. ಇರುವುದನ್ನು ಹಂಚಿಕೊಳ್ಳುವುದು ಯಾರಿಗೂ ಬರುತ್ತದೆ. ಇಲ್ಲದ್ದನ್ನು ಪಾಲು ಹಾಕಿಕೊಳ್ಳಲು ಮೂರು ರಾಜ್ಯಗಳು ಒಪ್ಪಿರುವುದು ದೊಡ್ಡ ಸಂಗತಿ, ನಿನ್ನ ಲೇಖನ ನಿಲ್ಲಬೇಕಾದದ್ದು ಅದರ ಮೇಲೆ.

ಇನ್ನು, ಗಡಿ ಎಲ್ಲಿದೆ ಎಂದು ನೋಡು. ಎಡದಂಡೆ ಕಾಲುವೆ ಪೂರ್ತಿ ಕರ್ನಾಟಕದೊಳಗೇ ಹರಿಯುತ್ತದೆ. ಆದರೂ ಮಾನ್ವಿ, ಸಿರವಾರದ ರೈತರು ಕಾಲುವೆಯ ಮೈಲು 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟು ಅಡಿ ಇದೆ ಎಂದು ಕೇಳುತ್ತಲೇ ಇರುತ್ತಾರೆ, ಇಳಿದರೆ ರಸ್ತೆಗೆ ಇಳಿಯುತ್ತಾರೆ. ಮೇಲ್ಭಾಗದವರು ಅಕ್ರಮವಾಗಿ ಪಂಪ್‌ಸೆಟ್ ಹಚ್ಚಿದರೆ ಕೆಳಗಿನವರ ಸಸಿ ಮಡಿ ಒಣಗುತ್ತದೆ. ತಿಂಗಳೊಳಗೆ ಕಿತ್ತು ನಾಟಿ ಮಾಡಬೇಕಾದ ಭತ್ತದ ಸಸಿ ಮಡಿಯಲ್ಲೇ ಬಲಿಯುತ್ತದೆ. ನಾಟಿಗೆಂದು ಮಾತಾಡಿಟ್ಟಿದ್ದ ಹೆಣ್ಣಾಳುಗಳ ಗುಂಪು ಬೇರೆ ಊರಿನ ಗದ್ದೆಗೆ ಹೋಗಿಬಿಡುತ್ತದೆ. ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ, ಸಿರುಗುಪ್ಪದ ಸೀಮೆಯನ್ನು ದಾಟಿ ಕರ್ನೂಲು ಜಿಲ್ಲೆಗೆ ಹೋಗುತ್ತದೆ. ಅಲ್ಲಿ ಆದೋನಿಯ ರೈತನೂ ಇದೇ ದೂರನ್ನು ತೆಲುಗಿನಲ್ಲಿ ಹೇಳುತ್ತಾನೆ. ಅವನಿಗೂ ಮಾನ್ವಿಯವನಿಗೂ ಇರುವ ನಂಟು, ಮಾನ್ವಿಯವನಿಗೂ ಕಾಲುವೆಯ ಮೇಲ್ಭಾಗದ ಗಂಗಾವತಿಯವನಿಗೂ ಇಲ್ಲ. ಆ ಇಬ್ಬರನ್ನು ಒಂದೇ ಲೇಖನದಲ್ಲಿ ಕೂರಿಸಿದರೆ ನಿನ್ನ ಅರ್ಧ ಕೆಲಸ ಆದಂತೆ.

ಗಂಗಾವತಿ, ಸಿಂಧನೂರಿನ ಕ್ಯಾಂಪುಗಳಿಗೂ ಹೋಗಿ ಬಾ. ಅಣೆಕಟ್ಟೆ ಆದಮೇಲೆ ಆಂಧ್ರದಿಂದ ಬಂದು ನೆಲೆಸಿದ ಕುಟುಂಬಗಳು ಅಲ್ಲಿವೆ. ನೀರು ಆಂಧ್ರಕ್ಕೆ ಹೋಯಿತು ಎಂದು ಅವರೂ ಕನ್ನಡದಲ್ಲೇ ಬಯ್ಯುತ್ತಾರೆ!

2024ರ ಆಗಸ್ಟ್ 10ರ ರಾತ್ರಿಯ ಬಗ್ಗೆ ನೀನು ಬರೆದ ಭಾಗ ಚೆನ್ನಾಗಿದೆ, ಆದರೆ ಬರೀ ಸಾಹಸದ ವರ್ಣನೆಯಾಗಿದೆ. 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ರಿಪೇರಿಗೆ 60 ಟಿಎಂಸಿ ಅಡಿ ಖಾಲಿ ಮಾಡಬೇಕಾಗಬಹುದು ಎಂಬ ಮಾತು ಬಂತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಯೋಜನೆಯಂತೆ, ಅರವತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರದ ಉಕ್ಕಿನ ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಐದು ತುಂಡು, ವಾರದೊಳಗೆ ಕೆಲಸ ಮುಗಿಯಿತು. ಇಷ್ಟನ್ನು ಎಲ್ಲರೂ ಬರೆದರು. ಆ ವಾರ ಗದ್ದೆಯಲ್ಲಿ ನಾಟಿ ಆಗಿದ್ದ ಬೆಳೆ ಇತ್ತು, ಬಿತ್ತನೆಗೂ ಗೊಬ್ಬರಕ್ಕೂ ತಂದ ಸಾಲ ಇತ್ತು. ಗೇಟು ಯಾವ ರಾಜ್ಯದ್ದು, ಖರ್ಚು ಯಾರದ್ದು ಎಂಬ ತಕರಾರಿಗೆ ಮೊದಲ ಮೂರು ದಿನ ಹೋಗಿದ್ದರೆ ಆ ಸಾಲಗಳು ಏನಾಗುತ್ತಿದ್ದವು? ಈ ಪ್ರಶ್ನೆಯನ್ನು ಸಚಿವರಿಗೆ ಕೇಳಬೇಡ. ಗೊಬ್ಬರದ ಅಂಗಡಿಯವನಿಗೆ ಕೇಳು. ಉದ್ರಿ ಪುಸ್ತಕ ಅವನ ಹತ್ತಿರ ಇರುತ್ತದೆ, ಯಾವ ಹಳ್ಳಿಯವರು ಆ ವಾರ ಅಂಗಡಿಯತ್ತ ಬರುವುದನ್ನು ನಿಲ್ಲಿಸಿದರು ಎಂಬುದು ಅವನಿಗೆ ಗೊತ್ತಿರುತ್ತದೆ.

ಹಾಗೆಂದು ಮಂಡಳಿಯನ್ನು ದೇವರ ಪಟ್ಟಕ್ಕೇರಿಸಬೇಡ. ಎಪ್ಪತ್ತು ವರ್ಷ ಹಳೆಯ ಸರಪಳಿ ತುಂಡಾದದ್ದೂ ಮಂಡಳಿಯ ಕಾವಲಿನಲ್ಲೇ. ಎಲ್ಲರದ್ದೂ ಆದ ಗೇಟಿಗೆ ಎಣ್ಣೆ ಹಚ್ಚುವುದು ಯಾರ ಪಾಳಿ ಎಂದು ಕೇಳುವ ಹಕ್ಕು ಓದುಗರಿಗಿದೆ. 2025ರಲ್ಲಿ ಹಳೆಯ ಗೇಟುಗಳನ್ನು ನಂಬಲಾಗದೆ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಬೇಕಾಯಿತು. ಅದರ ಬೆಲೆ ಕೊಟ್ಟವರು ರೈತರು ಮತ್ತು ಅವರ ಗದ್ದೆಗಳನ್ನೇ ನಂಬಿದ ಕೂಲಿಗಳು.

ಮುನಿರಾಬಾದಿನಲ್ಲಿ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಕರೆದಾಗ ಒಳಗೆ ಕುರ್ಚಿ ಸಿಗದಿದ್ದರೆ ಬೇಸರ ಬೇಡ. ತೀರ್ಮಾನದ ಪ್ರತಿ ಸಂಜೆಗೆ ಹೇಗೂ ಸಿಗುತ್ತದೆ. ಹೊರಗೆ ಮರದ ಕೆಳಗೆ ನಿಂತವರಲ್ಲಿ ಎಕರೆಗೆ ಎಷ್ಟು ಗುತ್ತಿಗೆ, ಈ ಸಲ ಭತ್ತವೋ ಕಡಲೆಯೋ ಎಂದು ವಿಚಾರಿಸು. ಆದೋನಿಗೆ ಹೋಗಲು ಭಾಷೆಯ ಭಯ ಬೇಡ, ಕನ್ನಡ ಬಲ್ಲವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ತಿದ್ದಿದ ಪ್ರತಿ ಕಳಿಸು. ಶೀರ್ಷಿಕೆಯ ವಿಚಾರ ಆಮೇಲೆ ನೋಡೋಣ.

ನಿನ್ನ ಅಣ್ಣ
ಹೊಸಪೇಟೆ