ದೇವ್ ಬರೆಂ ಕರುಂ, ಸಿಸ್ಟರ್

ನಿನ್ನೆ ಆನರ್ಸ್ ರಿಸಲ್ಟ್ ಬಂತು. ಪಾಸಾದೆ. ಜನವರಿಯಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತಿದೆ, ವಿವರ ಮತ್ತೆ ಹೇಳುವುದಿಲ್ಲ. ಅಮ್ಮ ಈಗ ಎದ್ದು ಓಡಾಡುತ್ತಿದ್ದಾರೆ. ಮೊನ್ನೆ ಬೀಡಿಯ ಗೆರಸೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

2021ರಲ್ಲಿ ಸೇರಿದಾಗ ನಮ್ಮದು ನಾಲ್ಕು ವರ್ಷದ ಡಿಗ್ರಿ ಅಂದಿದ್ದರು. 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷಕ್ಕೇ ವಾಪಸ್ ಹೋಯಿತು. ಮೊದಲೇ ಸೇರಿದವರು ಬೇಕಿದ್ದರೆ ಆನರ್ಸಿನ ನಾಲ್ಕನೆಯ ವರ್ಷ ಓದಬಹುದಿತ್ತು. ನಮ್ಮ ಕ್ಲಾಸಿನಲ್ಲಿ ಉಳಿದವರು ಏಳೇ ಜನ. ‘ಸುಮ್ನೆ ಒಂದು ವರ್ಷ ಯಾಕೆ?’ ಅಂತ ಕೇಳದವರಿಲ್ಲ. ನನಗೆ ‘ಮಂಗಳೂರ ಸಮಾಚಾರ’ವನ್ನು ಬಿಡಲು ಮನಸ್ಸಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ಅದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ನಮ್ಮ ಈ ಊರಿನಲ್ಲೇ ಕಲ್ಲಚ್ಚಿನಲ್ಲಿ ಹೊರತಂದದ್ದು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ನಮ್ಮೂರಲ್ಲಿ ಇದ್ದ ಅಷ್ಟು ದಿನಗಳಲ್ಲಿ ಅದು ಏನೇನು ಬರೆಯಿತು ಅನ್ನುವುದೇ ನನ್ನ ಪ್ರಬಂಧದ ವಿಷಯ.

ಜನವರಿಯ ಆ ರಾತ್ರಿ ಆಸ್ಪತ್ರೆಗೆ ಹಾಸ್ಟೆಲ್ ವಾರ್ಡನ್ ಸಿಸ್ಟರ್ ಬಂದರು. ಮೊದಲು ಶಾಲೆಯಲ್ಲಿ ಕನ್ನಡ ಪಾಠ ಮಾಡಿದವರು. ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಎರಡು ಗಂಟೆಯ ಹೊತ್ತಿಗೆ ನಾನು ಓದು ಬಿಡುತ್ತೇನೆ ಅಂದೆ. ಇನ್ನೂ ಒಂದು ಮಾತು ಅಂದೆ. ನನಗೆ ಅಮ್ಮನ ಮೇಲೆಯೇ ಸಿಟ್ಟು ಬಂದಿತ್ತು, ಈಗಲೇ ಯಾಕೆ ಹೀಗಾಗಬೇಕಿತ್ತು ಅಂತ. ಒಳಗೆ ಅವರು ಆ ಸ್ಥಿತಿಯಲ್ಲಿ ಮಲಗಿರುವಾಗ ಹೊರಗೆ ಕೂತು ನಾನು ಹಾಗೆ ಅಂದುಕೊಂಡೆ. ಇದನ್ನು ಇವತ್ತಿನವರೆಗೆ ಬೇರೆ ಯಾರಿಗೂ ಹೇಳಿಲ್ಲ.

ಸಿಸ್ಟರ್ ಬುದ್ಧಿ ಹೇಳಲಿಲ್ಲ. ಜಪಮಾಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡರು. ನನ್ನ ಬ್ಯಾಗಿನಿಂದ ಪತ್ರಿಕೆಯ ಝೆರಾಕ್ಸ್ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಓದಲಾಗದೆ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟರು. ‘ಇದು ಒಂದು ಪದ ಅಲ್ಲ, ಎರಡು. ಬಿಡಿಸಿ ಓದು ನೋಡುವ,’ ಅಂದರು. ಓದಿದೆ. ಐದನೆಯ ಸಾಲಿಗೆ ಅಳು ಬಂತು. ಅವರು ನಿಲ್ಲಿಸಲಿಲ್ಲ, ಆ ಪುಟ ಮುಗಿಯುವ ತನಕ ತಾವೇ ಮೆಲ್ಲಗೆ ಓದಿದರು. ಮುಂದಿನ ಪುಟ ನಾನು ಓದಿದೆ. ಡಾಕ್ಟರ್ ಹೊರಗೆ ಬಂದು ತಲೆಯಾಡಿಸಿದಾಗ ಬೆಳಕು ಹರಿದಿತ್ತು.

ಅವತ್ತು ಭಾನುವಾರ. ಸಿಸ್ಟರ್ ಬೆಳಗ್ಗಿನ ಪೂಜೆ ತಪ್ಪಿಸಿದ್ದನ್ನು ಅದುವರೆಗೆ ಹಾಸ್ಟೆಲಿನಲ್ಲಿ ಯಾರೂ ಕಂಡಿರಲಿಲ್ಲವಂತೆ. ಅಡುಗೆಯ ಅಕ್ಕ ಆಮೇಲೆ ಹೇಳಿದರು.

ನನ್ನ ಗೈಡ್ ಮೇಡಂ, ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸಿನಲ್ಲಿ ಹಳೆಯ ಕಡತಗಳನ್ನು ಬೇಸರಿಸದೆ ತೆಗೆದುಕೊಟ್ಟವರು, ನೋಟ್ಸ್ ಕಳಿಸುತ್ತಿದ್ದ ಆರು ಗೆಳತಿಯರು, ಅಮ್ಮನಿಗೆ ರಕ್ತ ಕೊಟ್ಟ ಹುಡುಗರು, ಎಲ್ಲರಿಗೂ ಮನಸಾರೆ ವಂದನೆ.

ಸಿಸ್ಟರ್‌ಗೆ ಬೇರೆ ಕಾನ್ವೆಂಟಿಗೆ ವರ್ಗವಾಗಿದೆ. ನಿನ್ನೆ ಸಂಜೆ ಪ್ರಬಂಧದ ಒಂದು ಪ್ರತಿ ಕೊಡಲು ಹೋದೆ. ಪೆಟ್ಟಿಗೆ ಕಟ್ಟುತ್ತಿದ್ದರು. ಅದೇ ಸಾಲನ್ನು ಹುಡುಕಿ, ಕನ್ನಡಕ ಮೇಲೇರಿಸಿ, ಬೆರಳಿಟ್ಟು ಓದಿದರು. ನನಗೆ ಮಾತೇ ಹೊರಡಲಿಲ್ಲ. ನಮ್ಮ ಮನೆಮಾತು ತುಳು. ನಾಲ್ಕು ವರ್ಷ ಅವರ ಹಾಸ್ಟೆಲಿನಲ್ಲಿದ್ದು ಸರಿಯಾಗಿ ಕಲಿತ ಕೊಂಕಣಿ ಇಷ್ಟೇ, ‘ದೇವರು ಒಳ್ಳೆಯದು ಮಾಡಲಿ’ ಅನ್ನುವ ವಂದನೆಯ ಮಾತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ: ದೇವ್ ಬರೆಂ ಕರುಂ, ಸಿಸ್ಟರ್.