ಸೊಸೈಟಿಯ ಒಂದು ಕಾಗದಕ್ಕಾಗಿ ನಿಂತುಹೋಗುವ ಮನೆ ವ್ಯವಹಾರಗಳು: ಮಹಾರಾಷ್ಟ್ರದ ಸಹಕಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಾಟುಂಗಾದಿಂದ ಡೊಂಬಿವಲಿಯವರೆಗೆ ಕನ್ನಡಿಗರು ಕೊಳ್ಳುವ, ಮಾರುವ ಹಳೆಯ ಫ್ಲ್ಯಾಟುಗಳ ಕಾಗದಪತ್ರ ನೋಡಿಕೊಳ್ಳುವವರು ನಾವು. ಈ ಪತ್ರದ ಮರಾಠಿ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಟೋಕನ್ (ಮುಂಗಡ ಹಣ) ಕೊಟ್ಟು ಕಾದು ಕೂತಿರುವ ನಮ್ಮವರಿಗೂ ವಿಷಯ ತಿಳಿಯಲಿ ಎಂದು ಇದನ್ನು ಕನ್ನಡದಲ್ಲಿ ಬರೆದಿದ್ದೇವೆ.

ಬೆಲೆ ಕುದುರಿ ಟೋಕನ್ ಕೊಟ್ಟ ಮೇಲೂ ಮನೆ ಕೈಗೆ ಬರಲಿಲ್ಲವೆಂದರೆ ಎಲ್ಲರೂ ಬೈಯುವುದು ಸಬ್-ರಜಿಸ್ಟ್ರಾರ್ ಕಚೇರಿಯನ್ನು. ಅಲ್ಲಿನದು ಒಂದು ದಿನದ ಕೆಲಸ. ಸ್ಟಾಂಪ್ ಡ್ಯೂಟಿಯನ್ನು ಆನ್‌ಲೈನ್ ಚಲನ್‌ನಲ್ಲಿ ಕಟ್ಟಿ, ಸಾಕ್ಷಿಗಳನ್ನು ಕರೆದುಕೊಂಡು ಹೋಗಿ, ಫೋಟೊ, ಬೆರಳಚ್ಚು ಕೊಟ್ಟು ಬಂದರಾಯಿತು. ವಾರಗಟ್ಟಲೆ ಹಿಡಿಯುವುದು ಅದಕ್ಕೆ ಮೊದಲು ಬೇಕಾಗುವ ಸೊಸೈಟಿಯ, ಅಂದರೆ ಕಟ್ಟಡದ ಫ್ಲ್ಯಾಟು ಮಾಲೀಕರ ಸಹಕಾರ ಸಂಘದ, ಎನ್‌ಒಸಿ (ನಿರಾಕ್ಷೇಪಣಾ ಪತ್ರ).

ತಮಾಷೆಯೆಂದರೆ, ಸೊಸೈಟಿಗಳಿಗಾಗಿ ನಿಮ್ಮ ಇಲಾಖೆಯೇ ಮಾಡಿದ ಮಾದರಿ ಉಪವಿಧಿ (ಬೈಲಾ) 38ರ ಪ್ರಕಾರ ವರ್ಗಾವಣೆಗೆ ಎನ್‌ಒಸಿ ಬೇಕಿಲ್ಲ. ಮಾರುವ ಸದಸ್ಯರು ಸೆಕ್ರೆಟರಿಗೆ 15 ದಿನಗಳ ನೋಟಿಸು ಕೊಟ್ಟರೆ ಸಾಕು. ಯಾರಾದರೂ ಎನ್‌ಒಸಿ ಬೇಕೆಂದು ಅರ್ಜಿ ಹಾಕಿದರೆ ಕಮಿಟಿ ಒಂದು ತಿಂಗಳೊಳಗೆ ಪರಿಶೀಲಿಸಬೇಕು. ಆದರೆ ಸಾಲ ಕೊಡುವ ಬ್ಯಾಂಕು ಅದಿಲ್ಲದೆ ಹಣ ಬಿಡುವುದಿಲ್ಲ. ಮುಂಬಯಿಯ ಬೆಲೆಗೆ ಸಾಲವಿಲ್ಲದೆ ಮನೆ ಕೊಳ್ಳುವವರು ಎಷ್ಟು ಮಂದಿ?

ಇಷ್ಟೇ ಆಗಿದ್ದರೆ ಒಂದು ತಿಂಗಳಲ್ಲಿ ಮುಗಿಯುತ್ತಿತ್ತು. ಕಗ್ಗಂಟಾಗುವುದು ಎನ್‌ಒಸಿಯಲ್ಲಿ ಬ್ಯಾಂಕು ಕೇಳುವ ಒಕ್ಕಣೆಯಲ್ಲಿ. ಒಂದೊಂದು ಬ್ಯಾಂಕಿನದು ಒಂದೊಂದು ನಮೂನೆ: ಆಸ್ತಿಯ ಹಕ್ಕು ನಿಚ್ಚಳವಾಗಿದೆ, ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಇದೆ, ಸಾಲ ತೀರುವವರೆಗೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಷೇರು ವರ್ಗಾಯಿಸುವುದಿಲ್ಲ ಇತ್ಯಾದಿ. ಕನ್ವೆಯನ್ಸ್ (ಜಮೀನನ್ನು ಸೊಸೈಟಿಯ ಹೆಸರಿಗೆ ಬರೆದುಕೊಡುವುದು) ಆಗದೆ ಜಮೀನು ಇನ್ನೂ ಬಿಲ್ಡರನ ಹೆಸರಲ್ಲೇ ಇರುವಾಗ ‘ಹಕ್ಕು ನಿಚ್ಚಳ’ ಎಂಬ ಸಾಲಿನ ಕೆಳಗೆ ಸೆಕ್ರೆಟರಿ ಹೇಗೆ ಸಹಿ ಹಾಕಬೇಕು? ನೌಕರಿ ಮುಗಿಸಿ ಲೋಕಲ್ ಟ್ರೇನಿನಲ್ಲಿ ನೇತಾಡಿ ಬಂದು, ರಾತ್ರಿ ಫೈಲು ಬಿಚ್ಚುವವರು ಅವರು. ಅವರ ಹೆದರಿಕೆ ನ್ಯಾಯವಾದದ್ದೇ. ಆ ಸಾಲನ್ನು ಹೊಡೆದು ಸಹಿ ಹಾಕಿ ಕೊಡುತ್ತಾರೆ, ಬ್ಯಾಂಕಿನ ವಕೀಲರು ಹಿಂದಿರುಗಿಸುತ್ತಾರೆ. ಮತ್ತೆ ಮುಂದಿನ ತಿಂಗಳ ಸಭೆ. ಅದು ಮೇ ತಿಂಗಳಾದರೆ ಅರ್ಧ ಕಮಿಟಿ ಊರಿಗೆ ಹೋಗಿರುತ್ತದೆ, ಕೋರಂ ಇಲ್ಲ.

ಎರಡನೆಯ ತೊಡಕು ಷೇರು ಸರ್ಟಿಫಿಕೇಟಿನ, ಅಂದರೆ ಸೊಸೈಟಿ ತನ್ನ ಸದಸ್ಯರಿಗೆ ಕೊಡುವ ಪತ್ರದ, ಬೆನ್ನಿನಲ್ಲಿದೆ. ಅಲ್ಲಿನ ಕೋಷ್ಟಕದಲ್ಲಿ ಪ್ರತಿ ವರ್ಗಾವಣೆಗೂ ಒಂದು ಸಾಲು: ತಾರೀಕು, ಹೊಸ ಸದಸ್ಯರ ಹೆಸರು, ರಿಜಿಸ್ಟರಿನ ನಂಬರು, ಪದಾಧಿಕಾರಿಗಳ ಸಹಿ, ಮೊಹರು. ಎರಡನೆಯವರಿಂದ ಮೂರನೆಯವರಿಗೆ ಹೋದಾಗ ಯಾರೋ ಆ ಸಾಲು ತುಂಬದೆ ಬಿಟ್ಟಿರುತ್ತಾರೆ. ಅದು ಗೊತ್ತಾಗುವುದು ಐದನೆಯವರು ಕೊಳ್ಳಲು ಬಂದಾಗ.

ಇನ್ನು ದುಡ್ಡಿನ ವಿಷಯ. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ವರ್ಗಾವಣೆ ಪ್ರೀಮಿಯಂ (ಮನೆ ಕೈ ಬದಲಾಗುವಾಗ ಸೊಸೈಟಿ ಪಡೆಯುವ ಹಣ) 25,000 ರೂಪಾಯಿ ಮೀರಬಾರದೆಂದು 2001ರ ಸುತ್ತೋಲೆಯೇ ಇದೆ. ಅದರ ಜೊತೆಗೆ ವರ್ಗಾವಣೆ ಶುಲ್ಕ 500, ಪ್ರವೇಶ ಶುಲ್ಕ 100. ಅದರ ಮೇಲೆ ಕೇಳುವುದಕ್ಕೆಲ್ಲ ‘ದೇಣಿಗೆ’ ಎಂದು ಹೆಸರು. ಕಾಯುವವರ ಸಾಲ ಮಂಜೂರಾತಿಯ ಅವಧಿ ಮುಗಿಯುತ್ತ ಬಂದಿರುವುದರಿಂದ ಚೌಕಾಸಿ ಮಾಡದೆ ಕೊಟ್ಟುಬಿಡುತ್ತಾರೆ.

ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ, ನಮ್ಮವರದೂ ಇದೆ. ಷೇರು ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಊರಿನ ಇನಿಶಿಯಲ್, ಪ್ಯಾನಿನಲ್ಲಿ ನಡುವೆ ತಂದೆಯ ಹೆಸರು, ಆಧಾರಿನಲ್ಲಿ ಎರಡೂ ಇಲ್ಲ. ಮೂರೂ ಒಬ್ಬರವೇ ಎಂಬ ಅಫಿಡವಿಟ್ಟನ್ನು ಟೋಕನ್ ದಿನವೇ ಮಾಡಿಸಿಡಿ. ಮಾಲೀಕರು ಉಡುಪಿಗೋ ಮಂಗಳೂರಿಗೋ ಹೋಗಿ ನೆಲೆಸಿದ್ದರೆ ನೋಟರಿ ಮುಂದೆ ಮಾಡಿಸಿದ ಪವರ್ ಆಫ್ ಅಟಾರ್ನಿಯನ್ನು ನಂಬಿ ಕೂರಬೇಡಿ. ಅವರಿರುವಲ್ಲಿನ ಸಬ್-ರಜಿಸ್ಟ್ರಾರ್ ಎದುರೇ ಮಾಡಿಸಿ. ಅದು ಮಹಾರಾಷ್ಟ್ರಕ್ಕೆ ಬಂದ 3 ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಡ್ಯೂಟಿಯ ವ್ಯತ್ಯಾಸ ಕಟ್ಟಬೇಕು.

ನಿಮ್ಮಿಂದ ಆಗಬೇಕಾದದ್ದು ಇಷ್ಟು. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯೊಂದಿಗೆ ಕೂತು ಎಲ್ಲ ಬ್ಯಾಂಕುಗಳೂ ಒಪ್ಪುವ ಒಂದೇ ನಮೂನೆ ಹೊರಡಿಸಿ. ಸೊಸೈಟಿಗೆ ತನ್ನ ರಿಜಿಸ್ಟರಿನಿಂದ ಗೊತ್ತಿರುವುದು ಮಾತ್ರ ಅದರಲ್ಲಿರಲಿ: ಸದಸ್ಯರ ಹೆಸರು, ಷೇರು ಸಂಖ್ಯೆ, ಯಾವ ತಾರೀಕಿನವರೆಗೆ ಮೆಂಟೆನನ್ಸ್ ಬಾಕಿಯಿಲ್ಲ, ಬೇರೆ ಬ್ಯಾಂಕಿನ ಸಾಲ ದಾಖಲಾಗಿದೆಯೇ. ಹಕ್ಕು, ನಕ್ಷೆಗಳನ್ನು ಬ್ಯಾಂಕಿನ ವಕೀಲರು, ಎಂಜಿನಿಯರುಗಳು ನೋಡಿಕೊಳ್ಳಲಿ, ಅದಕ್ಕೆಂದೇ ಅವರು ಫೀ ತೆಗೆದುಕೊಳ್ಳುವುದು. 15 ದಿನಗಳಲ್ಲಿ ಸೊಸೈಟಿಯಿಂದ ಉತ್ತರ ಬರದಿದ್ದರೆ ನೋಟಿಸಿನ ಸ್ವೀಕೃತಿ ಪ್ರತಿಯನ್ನೇ ಬ್ಯಾಂಕು ಒಪ್ಪಿಕೊಳ್ಳುವಂತಾಗಲಿ. ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರ ಹಿಂದಿರುಗಿಸಬೇಕು, ತಪ್ಪು ಬ್ಯಾಂಕಿನದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಡಿಸೆಂಬರ್ 1ರಿಂದ ಬ್ಯಾಂಕುಗಳಿಗೇ ಗಡುವು ಹಾಕಿದೆ. ಸೊಸೈಟಿಗೆ ನಾವು ದಂಡ ಕೇಳುತ್ತಿಲ್ಲ, ಗಡುವು ಸಾಕು.

ನಮೂನೆಯ ಕರಡನ್ನು ಮರಾಠಿ ಪ್ರತಿಗೆ ಲಗತ್ತಿಸಿದ್ದೇವೆ. ಒಂದೇ ಪುಟ.

ಇತಿ ತಮ್ಮ ವಿಶ್ವಾಸಿಗಳು,
ಮುಂಬಯಿಯಲ್ಲಿ ಮನೆ ಕಾಗದಪತ್ರ ನೋಡುವ ಕೆಲವು ಕನ್ನಡಿಗರು